ನಾನಾ ಪೇಠೆಯ ಪೈಪು, ವರಂಧಾ ಘಾಟಿನ ಇಳಿಜಾರು

ಪುಣೆಯ ಪೇಠೆಗಳಲ್ಲಿ ಕೆಲವಕ್ಕೆ ವಾರದ ಹೆಸರು, ಕೆಲವಕ್ಕೆ ಮನುಷ್ಯರ ಹೆಸರು. ನಾನಾ ಫಡ್ನವೀಸರ ಹೆಸರು ಹೊತ್ತ ನಾನಾ ಪೇಠೆಗೆ ಈಗ ಜನ ಹುಡುಕಿಕೊಂಡು ಹೋಗುವುದು ಬೈಕಿನ ಸಾಮಾನಿಗೆ. ಕ್ವಾರ್ಟರ್ ಗೇಟ್ ಕಡೆಯಿಂದ ಒಳಹೊಕ್ಕರೆ ಅಂಗಡಿಗಳ ಮುಂದೆ ಸೈಲೆನ್ಸರುಗಳು ಬಾಳೆಗೊನೆಯ ಹಾಗೆ ನೇತಾಡುತ್ತಿರುತ್ತವೆ. ಕನ್ನಡಿ, ಸೀಟಿನ ಕವರು, ಚೈನು, ಹಾರ್ನು, ಎಲ್ಲವೂ ರಸ್ತೆಗೇ ಬಂದಿರುತ್ತವೆ. ನಡೆಯಲು ಉಳಿದ ಜಾಗದಲ್ಲಿ ಯಾರೋ ಒಬ್ಬ ಗಾಡಿ ಬಿಚ್ಚಿಕೊಂಡು ಕೂತಿರುತ್ತಾನೆ.

ನಾನು ಹೋದದ್ದು ಒಂದು ಬ್ರೇಕ್ ಪೈಪಿಗಾಗಿ. ಧಾರವಾಡದ ನನ್ನ ಸೋದರಮಾವ ಕಣ್ಣು ಮಂಜಾದ ಮೇಲೆ ತಮ್ಮ 2009ರ ಬೈಕನ್ನು ನನಗೆ ಕೊಟ್ಟರು. ಕೆಎ-25ರ ಆ ನಂಬರ್ ಪ್ಲೇಟು ನೋಡಿ ಸಿಗ್ನಲ್ಲಿನಲ್ಲಿ ‘ಯಾವೂರ್ರಿ?’ ಎಂದು ಕೇಳುವವರು ಇಲ್ಲಿ ಆಗಾಗ ಸಿಗುತ್ತಾರೆ; ಗಾಡಿ ಇಟ್ಟುಕೊಂಡಿರುವುದಕ್ಕೆ ಅದೂ ಒಂದು ಕಾರಣ. ಕಳೆದ ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಸಾಸವಡದಿಂದ ದಿವೆ ಘಾಟ್ ಇಳಿಯುತ್ತಿದ್ದೆವು. ಹಿಂದೆ ಹೆಂಡತಿ. ಮುಂದೆ ಮರಳಿನ ಲಾರಿ. ಅರ್ಧ ಘಾಟ್ ಇಳಿಯುವಷ್ಟರಲ್ಲಿ ಮುಂದಿನ ಬ್ರೇಕಿನ ಲಿವರ್ ಮೆತ್ತಗಾಗತೊಡಗಿತು. ಬಿಗಿದಷ್ಟೂ ಹ್ಯಾಂಡಲಿನ ಹತ್ತಿರ ಬರುತ್ತಿತ್ತೇ ಹೊರತು ಗಾಡಿ ಹಿಡಿತಕ್ಕೆ ಬರುತ್ತಿರಲಿಲ್ಲ. ಎರಡನೇ ಗೇರಿಗೆ ಇಳಿಸಿ, ಹಿಂದಿನ ಡ್ರಮ್ ಬ್ರೇಕ್ ಒತ್ತಿ, ಪಕ್ಕಕ್ಕೆ ನಿಲ್ಲಿಸಿದೆ. ನಾನು ಏನೂ ಹೇಳಲಿಲ್ಲ. ಆಕೆಗೆ ಹೇಳಬೇಕಾಗಿಯೂ ಇರಲಿಲ್ಲ. ‘ಇನ್ನ ಘಾಟಿಗೆ ಈ ಗಾಡಿ ಬ್ಯಾಡ’ ಅಂದಳು, ಅಷ್ಟೇ. ಹನ್ನೆರಡು ವರ್ಷಗಳಿಂದ ನಮ್ಮ ಭಾನುವಾರಗಳೆಲ್ಲ ಬೈಕಿನ ಮೇಲೆಯೇ ಕಳೆದಿವೆ.

ಪೇಠೆಯಲ್ಲಿ ನನಗೆ ಸಿಕ್ಕ ಮೆಕ್ಯಾನಿಕ್ ಅಂಗಡಿಯವನಲ್ಲ, ಅಂಗಡಿಯ ಮುಂದೆ ಕೂರುವವನು. ಫೋನಿನಲ್ಲಿ ‘ಯವ್ವಾ, ಆಮ್ಯಾಲ ಮಾಡ್ತೀನಿ’ ಅಂದದ್ದು ಕೇಳಿ ನಿಂತೆ. ಇಂಡಿ ತಾಲೂಕಿನವನಂತೆ, ಲಿಂಬೆಯ ನಾಡಿನವನು. ನಾನು ಪ್ಯಾಡ್ ಬದಲಿಸಬೇಕೇನೋ ಎಂದು ಕೇಳಿದೆ. ಅವನು ಪ್ಯಾಡ್ ನೋಡಿದ, ಇನ್ನೂ ದಪ್ಪ ಇದ್ದವು. ಆಮೇಲೆ ನನ್ನ ಕೈಯನ್ನು ಮುಂದಿನ ರಬ್ಬರ್ ಪೈಪಿನ ಮೇಲಿಟ್ಟು, ‘ಗಟ್ಟಿ ಹಿಡ್ಕೋರಿ’ ಅಂದು ಲಿವರ್ ಒತ್ತಿದ. ಬೆರಳುಗಳ ನಡುವೆ ಪೈಪು ಉಬ್ಬಿತು, ಬಿಟ್ಟಾಗ ಇಳಿಯಿತು. ಮಲಗಿದ ಮಗುವಿನ ಹೊಟ್ಟೆಯ ಹಾಗೆ.

‘ಮ್ಯಾಲೆ ಚೊಲೊ ಕಾಣ್ತೈತ್ರಿ ಸರ. ನೀವು ಒತ್ತಿದ್ದೆಲ್ಲ ಇದರ ಹೊಟ್ಟಿಗೇ ಹೊಂಟೈತಿ.’

ಡಿಸ್ಕ್ ಬ್ರೇಕಿನ ತತ್ವ ಇಷ್ಟೇ: ಲಿವರಿನ ಬುಡದ ಮಾಸ್ಟರ್ ಸಿಲಿಂಡರಿನಿಂದ ಕೆಳಗಿನ ಕ್ಯಾಲಿಪರಿನ ತನಕ ಎಣ್ಣೆಯ ಒಂದು ಕಂಬ ನಿಂತಿರುತ್ತದೆ. ಎಣ್ಣೆ ಕುಗ್ಗುವುದಿಲ್ಲ, ಹಾಗಾಗಿ ಮೇಲೆ ಒತ್ತಿದ್ದು ಕೆಳಗೆ ಪ್ಯಾಡಿಗೆ ಮುಟ್ಟುತ್ತದೆ. ನಡುವಿನ ಪೈಪು ಹಿಗ್ಗಿದರೆ ಅಷ್ಟು ಒತ್ತು ಅಲ್ಲೇ ಖರ್ಚು. ರಬ್ಬರ್ ಪೈಪಿನ ಒಳಗೆ ನೂಲಿನ ಹೆಣಿಗೆ ಇರುತ್ತದೆ, ಹೊಸದರಲ್ಲಿ ಅದು ಹಿಗ್ಗಲು ಬಿಡುವುದಿಲ್ಲ. ವರ್ಷಗಳು ಕಳೆದಂತೆ ರಬ್ಬರ್ ಸೋಲುತ್ತದೆ. ಎಷ್ಟೋ ಕಂಪನಿಗಳ ಕೈಪಿಡಿಯಲ್ಲಿ ನಾಲ್ಕು ವರ್ಷಕ್ಕೊಮ್ಮೆ ಬದಲಿಸಿ ಎಂದೇ ಇರುತ್ತದೆ. ಬೈಕ್ ಇರುವ ಯಾರನ್ನಾದರೂ ಕೇಳಿ ನೋಡಿ, ಬದಲಿಸಿದವರು ಸಿಗುವುದು ಅಪರೂಪ. ಕೆಲವು ಪೈಪುಗಳಲ್ಲಿ ಒಳಗಿನ ಪದರ ಕಿತ್ತು ಬಾಗಿಲಿನಂತೆ ಅಡ್ಡ ನಿಲ್ಲುತ್ತದೆ. ಆಗ ಎಣ್ಣೆ ಹೋಗುತ್ತದೆ, ಹಿಂದಿರುಗುವುದಿಲ್ಲ, ಬ್ರೇಕು ಹಿಡಿದುಕೊಂಡೇ ಇರುತ್ತದೆ.

ಎಣ್ಣೆಯದೂ ಒಂದು ಕಥೆ. ಡಾಟ್ 4 ಎಣ್ಣೆ ಗಾಳಿಯ ತೇವ ಹೀರುತ್ತದೆ. ಹೊಸದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಎನ್ನುವುದು ಅದರ ಮಾನಕ. ತೇವ ಹೀರಿದ ಎಣ್ಣೆಗೆ ಆ ಮಿತಿ 155. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇದ್ದರೆ ಡಿಸ್ಕಿನ ಶಾಖ ಕ್ಯಾಲಿಪರಿಗೆ ಇಳಿಯುತ್ತದೆ. ಎಣ್ಣೆ ಕುದಿದರೆ ಆವಿ, ಆವಿ ಮಾತ್ರ ಚೆನ್ನಾಗಿಯೇ ಕುಗ್ಗುತ್ತದೆ. ದಿವೆ ಘಾಟಿನಲ್ಲಿ ನಮಗಾದದ್ದು ಪೈಪಿನದೂ ಎಣ್ಣೆಯದೂ ಸೇರಿದ ಉಪಕಾರ.

ಸ್ಟೀಲ್ ಹೆಣಿಗೆಯ ಪೈಪಿನ ಒಳಗೆ ಟೆಫ್ಲಾನ್ ನಳಿಕೆ, ಅದರ ಮೇಲೆ ತುಕ್ಕು ಹಿಡಿಯದ ಸ್ಟೀಲ್ ತಂತಿಯ ಜಾಳಿಗೆ, ಎಲ್ಲದರ ಮೇಲೆ ಪಾರದರ್ಶಕ ಪ್ಲಾಸ್ಟಿಕ್. ಮೇಲಿನ ಪ್ಲಾಸ್ಟಿಕ್ ಅಂದಕ್ಕಲ್ಲ. ಬರಿ ಜಾಳಿಗೆ ಉಜ್ಜಿದರೆ ಗಾಡಿಯ ಬಣ್ಣವನ್ನೇ ಗರಗಸದಂತೆ ತಿನ್ನುತ್ತದೆ. ನನಗೆ ಬಿದ್ದ ಬೆಲೆ ಮಾಮೂಲಿ ರಬ್ಬರಿನ ಮೂರು ಪಟ್ಟು. ಎರಡು ಅಂಗಡಿ ಆಚೆ ಅರ್ಧ ಬೆಲೆಗೆ ಒಂದು ಸಿಕ್ಕಿತ್ತು. ನಮ್ಮ ಇಂಡಿಯವನು ಅದರ ತುದಿ ನೋಡಿ ನಕ್ಕ: ಒಳಗೆ ಅದೇ ರಬ್ಬರ್, ಮೇಲೆ ಬೆಳ್ಳಿ ಬಣ್ಣದ ಅಂಗಿ.

ಕೂರಿಸುವುದು ದೊಡ್ಡ ಕೆಲಸವಲ್ಲ, ನಾಜೂಕಿನ ಕೆಲಸ. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಮುಂದಿನ ಫೋರ್ಕ್ ಪೂರ್ತಿ ಚಾಚುವಂತೆ ಗಾಡಿ ಎತ್ತಿ, ಪೈಪು ಎಲ್ಲೂ ಎಳೆಯುವುದಿಲ್ಲವೆಂದು ಅವನು ಮೊದಲು ನೋಡಿಕೊಂಡ. ಎರಡೂ ತುದಿಯ ಟೊಳ್ಳು ಬೋಲ್ಟುಗಳಿಗೆ ಹೊಸ ತಾಮ್ರದ ವಾಷರ್, ತುದಿಗೆ ಎರಡರಂತೆ ನಾಲ್ಕು. ಹಳೆಯವು ಒಮ್ಮೆ ಚಪ್ಪಟೆಯಾದವು, ಅವನ್ನೇ ಮತ್ತೆ ಹಾಕಿದರೆ ಸೋರಬಹುದು. ಟ್ಯಾಂಕಿನ ಮೇಲೆ ಒದ್ದೆ ಬಟ್ಟೆ ಹಾಸಿದ, ಏಕೆಂದರೆ ಈ ಎಣ್ಣೆ ಬಣ್ಣ ಎಬ್ಬಿಸುತ್ತದೆ. ಆಮೇಲೆ ಗಾಳಿ ತೆಗೆಯುವುದು: ಲಿವರ್ ಒತ್ತಿ ಹಿಡಿ, ಕೆಳಗಿನ ನಿಪ್ಪಲ್ ಸಡಿಲಿಸು, ಗುಳ್ಳೆ ಬಂತು, ಬಿಗಿ, ಲಿವರ್ ಬಿಡು. ಒಂದು ಗಂಟೆ ಹೀಗೇ. ಗುಳ್ಳೆ ನಿಂತ ಮೇಲೂ ಅವನಿಗೆ ಸಮಾಧಾನವಿಲ್ಲ. ಹಳೇ ಟ್ಯೂಬಿನ ಪಟ್ಟಿಯಿಂದ ಲಿವರನ್ನು ಹ್ಯಾಂಡಲಿಗೆ ಕಟ್ಟಿ, ‘ರಾತ್ರಿ ಹಿಂಗ ಇರ್ಲ್ರಿ, ಉಳಿದ ಗಾಳಿ ಮ್ಯಾಲ ಏರ್ತೈತಿ. ಅಕ್ಕಾರ್ನ ಕೂಡಿಸ್ಕೊಂಡು ಇಳಿಯೂ ಗಾಡಿ’ ಅಂದ.

ಮರುದಿನ ಬಿಚ್ಚಿ ಒತ್ತಿದೆ. ಲಿವರ್ ಒಂದಿಷ್ಟು ಬಂದು ಗೋಡೆಗೆ ತಾಗಿದಂತೆ ನಿಂತಿತು.

ಈ ಪೈಪು ಹಾಕಿದರೆ ಗಾಡಿ ಅರ್ಧ ದೂರದಲ್ಲಿ ನಿಲ್ಲುತ್ತದೆ ಎನ್ನುವ ಅಂಗಡಿಯವರ ಮಾತು ನಂಬಬೇಡಿ. ನಿಲ್ಲಿಸುವುದು ಟೈರು ಮತ್ತು ಪ್ಯಾಡು. ನನ್ನ ಹಳೇ ಪೈಪಿನ ಜಾಗಕ್ಕೆ ಹೊಸ ರಬ್ಬರ್, ಹೊಸ ಎಣ್ಣೆ ಹಾಕಿದ್ದರೂ ಬಹುಪಾಲು ಕೆಲಸ ಆಗುತ್ತಿತ್ತು. ಎಬಿಎಸ್ ಇರುವ ಈಚಿನ ಗಾಡಿಗಳಲ್ಲಿ ಪೈಪುಗಳೂ ಹೆಚ್ಚು, ಗಾಳಿ ತೆಗೆಯುವುದೂ ಬೇರೆ ಬಗೆ. ಅವನ್ನು ರಸ್ತೆ ಬದಿಯಲ್ಲಿ ಬಿಚ್ಚಿಸಬಾರದು. ಘಾಟ್ ಇಳಿಯುವ ಹಳೇ ಗಾಡಿಗೆ ಮಾತ್ರ ನಾನು ಸ್ಟೀಲೇ ಹಾಕಿಸುತ್ತೇನೆ. ಬೆರಳು ಎಷ್ಟು ಹೇಳಿತೋ ಚಕ್ರ ಅಷ್ಟೇ ಕೇಳುತ್ತದೆ.

ಎರಡು ವಾರ ಊರೊಳಗೇ ಓಡಿಸಿ, ನವೆಂಬರಿನ ಒಂದು ಶನಿವಾರ ಆಕೆಯನ್ನು ಒಪ್ಪಿಸಿ ವರಂಧಾಕ್ಕೆ ಹೊರಟೆ. ಸಾತಾರಾ ಹೆದ್ದಾರಿಯಲ್ಲಿ ಕಾಪೂರಹೋಳದ ತನಕ ಹೋಗಿ ಭೋರ್ ಕಡೆಗೆ ಬಲಕ್ಕೆ ತಿರುಗಬೇಕು. ನೇರ ಹೋದರೆ ನಿಪ್ಪಾಣಿ, ಬೆಳಗಾವಿ. ಕೆಎ-25ಕ್ಕೆ ಅಲ್ಲಿ ತಿರುಗಲು ಮನಸ್ಸೇ ಬರುವುದಿಲ್ಲ. ಭೋರ್ ದಾಟಿದ ಮೇಲೆ ನೀರಾ ದೇವಘರ್ ಜಲಾಶಯ ಬಹಳ ದೂರ ಜೊತೆಗೆ ಬರುತ್ತದೆ. ವಾಘಜಾಯಿ ಗುಡಿಯ ಹತ್ತಿರ ಭಜಿ, ಚಹಾ. ಅಲ್ಲಿಂದ ಕೊಂಕಣದ ಕಡೆ ನೋಡಿದರೆ ರಸ್ತೆ ಬೆಟ್ಟಕ್ಕೆ ಒರಗಿಸಿದ ಹಗ್ಗದ ಹಾಗೆ ಕಾಣುತ್ತದೆ. (ಮಳೆಗಾಲದಲ್ಲಿ ಈ ಘಾಟನ್ನು ಆಗಾಗ ಮುಚ್ಚುತ್ತಾರೆ, ವಿಚಾರಿಸಿಯೇ ಹೊರಡಿ.)

ಇಳಿಯುವಾಗ ಎರಡನೇ ಗೇರು. ತಿರುವಿಗೆ ಮೊದಲು ಎರಡು ಬೆರಳು, ಗಾಡಿ ತಗ್ಗಿದೊಡನೆ ಬಿಡುವುದು, ಮತ್ತೆ ಮುಂದಿನ ತಿರುವಿಗೆ. ಮೊದಲ ಮೂರು ತಿರುವುಗಳಲ್ಲಿ ಆಕೆಯ ಕೈ ನನ್ನ ಭುಜವನ್ನು ಹಿಂಡುತ್ತಿತ್ತು. ನಾಲ್ಕನೆಯದರಲ್ಲೋ ಐದನೆಯದರಲ್ಲೋ ಅದು ಸಡಿಲವಾಯಿತು, ಆಮೇಲೆ ಇಲ್ಲವೇ ಇಲ್ಲ; ಹಿಂದಿನಿಂದ ಫೋಟೋ ತೆಗೆಯುವ ಸದ್ದು ಬಂತು. ಲಿವರ್ ಮೇಲೆ ಎಲ್ಲಿ ನಿಲ್ಲುತ್ತಿತ್ತೋ ಕೆಳಗೂ ಅಲ್ಲೇ ನಿಂತಿತು. ಘಾಟ್ ಮುಗಿದ ಮೇಲೆ ಇಳಿದು, ಟಿಶ್ಯೂ ಕಾಗದದಿಂದ ಎರಡೂ ಬೋಲ್ಟಿನ ಸುತ್ತ ಒರೆಸಿದೆ. ಒಣಗಿತ್ತು.

ಸಮರ್ಥ ರಾಮದಾಸರು ದಾಸಬೋಧ ರಚಿಸಿದರೆಂದು ನಂಬುವ ಶಿವಥರ್ ಘಳದ ಗವಿ ಅಲ್ಲಿಂದ ಹತ್ತಿರ. ಪಕ್ಕದ ಜಲಪಾತ ಸಣ್ಣಗಾಗಿತ್ತು. ಬುತ್ತಿ ಬಿಚ್ಚಿ ಚಪಾತಿ, ಶೇಂಗಾ ಚಟ್ನಿ ತಿನ್ನುವಾಗ ಆಕೆ ಫೋನಿನಲ್ಲಿ ನಕ್ಷೆ ತೆರೆದು ಕೇಳಿದಳು: ‘ಹೊಳ್ಳಿ ಹೋಗೋವಾಗ ತಾಮ್ಹಿಣಿ ಮ್ಯಾಲೆ ಹೋಗೂಣೇನು?’