ಸೋತರೂ ಸಾರ್ಥಕವೇ?

ಬ್ಯಾಕಪ್ ಇದೆ ಅಂದ್ರೆ ಸಾಕು, ನಮ್ಮಂಥ ಸಾಫ್ಟ್‌ವೇರಿನವರಿಗೆ ರಾತ್ರಿ ನಿದ್ದೆ ಬರುತ್ತೆ. ಅದನ್ನ ರಿಸ್ಟೋರ್ ಮಾಡಿ ನೋಡಿದವರು ಮಾತ್ರ ಕಡಿಮೆ!

ಕ್ರಯಾನಿಕ್ಸ್ ಕೂಡ ಹಾಗೇ ಅನ್ಸುತ್ತೆ. ಸತ್ತವರ ದೇಹವನ್ನ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡೋದು, ಮುಂದೊಂದು ದಿನ ವಿಜ್ಞಾನ ಎಬ್ಬಿಸೀತು ಅಂತ. 1967ರಲ್ಲಿ ಅಮೆರಿಕದ ಜೇಮ್ಸ್ ಬೆಡ್‌ಫರ್ಡ್ ಮೊದಲಿಗರು. ಇವತ್ತಿನವರೆಗೆ ಒಬ್ಬರೂ ಎದ್ದಿಲ್ಲ.

2016ರಲ್ಲಿ ಇಂಗ್ಲೆಂಡಿನ 14 ವರ್ಷದ ಹುಡುಗಿಯೊಬ್ಬಳು, ಕ್ಯಾನ್ಸರಿನಿಂದ ಸಾಯುತ್ತಿದ್ದಾಗ, ಇದಕ್ಕಾಗಿ ಹೈಕೋರ್ಟಿಗೆ ಹೋದಳು. ಅಪ್ಪ ಅಮ್ಮನಲ್ಲಿ ಒಮ್ಮತ ಇರಲಿಲ್ಲ. ಕೋರ್ಟು ನಿರ್ಧಾರವನ್ನ ಅಮ್ಮನಿಗೆ ಬಿಟ್ಟಿತು. ತನ್ನ ಆಸೆ ಈಡೇರುತ್ತೆ ಅಂತ ತಿಳಿದು ಅವಳು ನೆಮ್ಮದಿಯಿಂದ ಕಣ್ಣು ಮುಚ್ಚಿದಳಂತೆ. ಅವಳು ಮುಂದೆಂದೂ ಏಳದಿದ್ದರೂ ಆ ನೆಮ್ಮದಿ ಸುಳ್ಳಾಗಲ್ಲ, ಅಲ್ವಾ?

ಆದ್ರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ಕೊನೆಯ ದಿನ ಅಮ್ಮ ಈ ಏರ್ಪಾಡಿನಲ್ಲೇ ಮುಳುಗಿ, ಮಗಳಿಗೆ ಪೂರ್ತಿ ಸಿಗಲಿಲ್ಲ ಅಂತ ಆಸ್ಪತ್ರೆಯವರು ಹೇಳಿದ್ರಂತೆ.

ಅದನ್ನೋದಿ ಸುಮ್ಮನೆ ಕೂತುಬಿಟ್ಟೆ. ಅಜ್ಜ ಹೋಗುವಾಗ ನಾನು ಆಸ್ಪತ್ರೆ ಕಾರಿಡಾರಿನಲ್ಲಿ ಫೋನು ಹಿಡಿದು ಇನ್ನೊಬ್ಬ ಡಾಕ್ಟರನ್ನ ಹುಡುಕ್ತಾ ಇದ್ದೆ. ಅಜ್ಜಿ ಒಳಗೆ ಕೈ ಹಿಡಿದು ಕೂತಿದ್ರು.

ಹೋಗುವವರಿಗೆ ಇಂಥ ಭರವಸೆ ಸೋತರೂ ಸಾರ್ಥಕವೇ ಇರಬಹುದು. ಪಕ್ಕದಲ್ಲಿ ಕೂರಬೇಕಾದ ನಮಗೆ? ನೀವೇನಂತೀರಿ?