ಬಾನಿಯಲ್ಲಿದ್ದ ಹಾವು

ಆ ಹಾವನ್ನು ನಾನು ಹತ್ತೊಂಬತ್ತು ದಿನ ಸಾಕಿದೆ. ಮೊದಲ ಏಳು ದಿನ ಅದು ತಪ್ಪೆಂದು ಗೊತ್ತಿರಲಿಲ್ಲ. ಉಳಿದ ಹನ್ನೆರಡು ದಿನ ಗೊತ್ತಿತ್ತು.

2012ರ ಏಪ್ರಿಲ್. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದು, ಶ್ರೀನಿವಾಸಪುರದ ಹತ್ತಿರದ ನಮ್ಮೂರಲ್ಲಿ ಕೆಲಸವಿಲ್ಲದೆ ತಿರುಗುತ್ತಿದ್ದೆ. ತೋಪಿನಲ್ಲಿ ಮಾವಿನಕಾಯಿ ಇನ್ನೂ ಬಲಿಯುತ್ತಿತ್ತು. ಮಳೆಗೆ ಮುಂಚೆ ಸೂರು ಸರಿಮಾಡಿಸಬೇಕೆಂದು ಅಪ್ಪ ಮಾಲೂರಿನಿಂದ ಹೆಂಚು ತರಿಸಿ ಹಿತ್ತಲಲ್ಲಿ ಪೇರಿಸಿದ್ದ. ಆ ಹೆಂಚು ಎತ್ತುವಾಗ ಅಡಿಯಲ್ಲಿ ಸುರುಳಿಯಾಗಿ ಬಿದ್ದಿತ್ತು. ಕೆಮ್ಮಣ್ಣಿನ ಬಣ್ಣ, ಒಂದು ಮೊಳಕ್ಕಿಂತ ಸ್ವಲ್ಪ ಉದ್ದ. ತಲೆ ಯಾವುದು ಬಾಲ ಯಾವುದು ತಿಳಿಯಲಿಲ್ಲ.

"ರೆಂಡು ತಲಲ ಪಾಮು ರಾ! ಹೊಡೀಬೇಡ್ರೋ, ಅದು ಯಾರಿಗೂ ಏನೂ ಮಾಡಲ್ಲ" ಅಂದಳು ಅಜ್ಜಿ. ನಮ್ಮ ಮನೆಯಲ್ಲಿ ಗಾಬರಿಯಾದರೆ ತೆಲುಗು, ಸಮಾಧಾನ ಹೇಳುವುದಕ್ಕೆ ಕನ್ನಡ.

ಮಣ್ಣುಮುಕ್ಕ ಹಾವು ಅದು. ಹಳೆಯ ಬಾನಿಗೆ ಮರಳು ತುಂಬಿ, ಅದರೊಳಗೆ ಬಿಟ್ಟು, ಮೇಲೆ ಮೊರ ಮುಚ್ಚಿ ಕಲ್ಲು ಹೇರಿದೆ. ನಡುಮನೆಯ ತಂಪಾದ ಮೂಲೆಯಲ್ಲಿಟ್ಟೆ, ಪಾಪ, ಸೆಕೆಯಾಗಬಾರದೆಂದು. ಅಜ್ಜಿ ಬಟ್ಟಲಲ್ಲಿ ಹಾಲಿಟ್ಟಳು. ಹಾಲು ಒಡೆದು ಹುಳಿ ವಾಸನೆ ಬಂತೇ ಹೊರತು ಹಾವು ಮೂಸಲಿಲ್ಲ. ನಾಲ್ಕನೇ ದಿನ ಇಲಿಬೋನಿಗೆ ಬಿದ್ದ ಒಂದು ಸುಂಡಿಲಿಯನ್ನು ಬಿಟ್ಟೆ. ಮರಳು ಸ್ವಲ್ಪ ಅಲುಗಿತು. ಅಷ್ಟೇ, ಇಲಿ ಅದರ ಸುತ್ತಿನೊಳಗಿತ್ತು. ಸಂತೋಷ ತಡೆಯಲಾರದೆ ಸಂಜೆ ಹಾವನ್ನು ಕೈಗೆತ್ತಿಕೊಂಡು ಓಣಿಯ ಹುಡುಗರಿಗೆಲ್ಲ ತೋರಿಸಿ ಬಂದೆ. ಮರುದಿನ ಮೊರ ತೆಗೆದರೆ ನಾತ. ನುಂಗಿದ ಇಲಿಯನ್ನು ಹಾಗೆಯೇ ಕಕ್ಕಿತ್ತು.

ಸತ್ತೇಹೋಗುತ್ತದೆ ಎಂದು ಹೆದರಿದೆ. ಅಕ್ಕ ಕೋಲಾರದಲ್ಲಿ ಬಿಎಸ್ಸಿ ಓದುತ್ತಿದ್ದಳು. ಎರಡು ದಿನದ ನಂತರ ಬಸ್ಸು ಹತ್ತಿ ಹೋದೆ. ಅವಳು ತನ್ನ ಪ್ರಾಣಿಶಾಸ್ತ್ರದ ಮೇಷ್ಟ್ರ ಹತ್ತಿರ ಕರೆದೊಯ್ದಳು. ಅವರು ಎಲ್ಲ ಕೇಳಿ ನಕ್ಕರು, ಆಮೇಲೆ ನಗಲಿಲ್ಲ.

"ಹಾವಿಗೆ ಮೈಯೊಳಗೆ ಬಿಸಿ ಹುಟ್ಟಲ್ಲ ಕಣಪ್ಪ, ಹೊರಗಿನಿಂದ ತಗೋಬೇಕು. ತಣ್ಣಗಿನ ಮೂಲೇಲಿ ಇಟ್ಟರೆ ತಿಂದದ್ದು ಹೇಗೆ ಅರಗತ್ತೆ? ತಿಂದ ಮೇಲೆ ಎರಡು ದಿನ ಮುಟ್ಟಲೂ ಬಾರದು. ಹಾಲು ಅದರ ಆಹಾರವೇ ಅಲ್ಲ. ಮೊಂಡು ಬಾಲ ಇರೋದು ಶತ್ರುವನ್ನ ಏಮಾರಿಸೋಕೆ. ತಲೆ ಮೈಯಡಿ ಬಚ್ಚಿಟ್ಟು ಬಾಲ ಮುಂದೆ ಮಾಡತ್ತೆ." ಹಾವಾಡಿಗರು ಕೆಲವರು ಆ ಬಾಲಕ್ಕೆ ಕಣ್ಣು, ಬಾಯಿ ಕೊರೆದು ಎರಡು ತಲೆ ಎಂದು ತೋರಿಸುವುದನ್ನೂ ಹೇಳಿದರು. ಕೊನೆಗೆ, "1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಇದನ್ನ ಹಿಡಿಯೋದು, ಸಾಕೋದು, ಮಾರೋದು ಮೂರೂ ಅಪರಾಧ. ಸಿಕ್ಕ ಜಾಗದಲ್ಲೇ ಬಿಟ್ಟುಬಿಡು" ಅಂದರು.

ಹೊರಗೆ ಬಂದಾಗ ಅಕ್ಕ ಕೋಲಾರಮ್ಮನ ಗುಡಿಗೆ ಕರೆದೊಯ್ದಳು. ಅಲ್ಲಿ ಚೇಳಮ್ಮನೂ ಇದ್ದಾಳೆ. ಅವಳಿಗೆ ನಡೆದುಕೊಂಡರೆ ಚೇಳು ಕುಟುಕದು ಅನ್ನುವ ನಂಬಿಕೆ. ಕೈಮುಗಿದೆ. ಬಿಡುತ್ತೇನೆ ಎಂದು ಅಕ್ಕನಿಗೆ ಮಾತೂ ಕೊಟ್ಟೆ.

ಬಿಡಲಿಲ್ಲ. ಇನ್ನೊಮ್ಮೆ ತಿಂದು ಚೇತರಿಸಿಕೊಳ್ಳಲಿ ಎಂಬ ನೆಪ ಹುಡುಕಿದೆ. ಬಾನಿಯ ಅರ್ಧ ಭಾಗಕ್ಕೆ ಬಿಸಿಲು ಬೀಳುವಂತೆ ಜಗಲಿಗೆ ತಂದೆ, ನೀರಿನ ಚಿಪ್ಪು ಇಟ್ಟೆ, ವಾರದ ನಂತರ ಇಲಿ ಕೊಟ್ಟೆ. ಈ ಸಲ ಅರಗಿತು. ಆಮೇಲೆ ಕಣ್ಣು ಮಂಜಾಗಿ ನೀಲಿ ಪೊರೆ ಕಟ್ಟಿದಂತಾಯಿತು. ಕುರುಡಾಯಿತೆಂದು ಅತ್ತೆ. ಕೆಲವು ದಿನಕ್ಕೆ ಪೊರೆ ಕಳಚಿ, ಹೊಸ ಹೆಂಚಿನ ಹಾಗೆ ಹೊಳೆಯುತ್ತಾ ಬಂತು. ಅದು ನನ್ನದೇ ಅನ್ನಿಸಿಬಿಟ್ಟಿತು.

ಆ ಹೆಮ್ಮೆಯಲ್ಲೇ ಮುಳಬಾಗಿಲಿನ ಮಾವನಿಗೆ ಫೋನಿನಲ್ಲಿ ಹೇಳಿದ್ದೆ. ಮಾವ ಮಾರನೇ ದಿನವೇ ಬೈಕಿನಲ್ಲಿ ಬಂದ. ಮನೆಯಲ್ಲಿದ್ದರೆ ಐಶ್ವರ್ಯ ಎಂದು, ಔಷಧಿಗೆ ಆಗುತ್ತದೆ ಎಂದು ಇದನ್ನು ಲಕ್ಷಗಟ್ಟಲೆ ಕೊಟ್ಟು ಕೊಳ್ಳುವವರಿದ್ದಾರಂತೆ. ತೂಕ ಜಾಸ್ತಿಯಾದಷ್ಟೂ ರೇಟು ಜಾಸ್ತಿಯಂತೆ. "ಭಾನುವಾರ ಪಾರ್ಟಿ ತಕ್ಕಡಿ ತಗೊಂಡು ಬರ್ತಾರೆ ಭಾವ. ಬೋರ್‌ವೆಲ್ ಸಾಲ ಒಂದೇ ಏಟಿಗೆ ಹೋಗ್ತದೆ."

ಅಪ್ಪ ಮಾತಾಡಲಿಲ್ಲ. ಎರಡು ಬೋರು ಸಾವಿರ ಅಡಿ ದಾಟಿದರೂ ಧೂಳು ಬಿಟ್ಟು ಏನೂ ಬಂದಿರಲಿಲ್ಲ. ಅಮ್ಮನ ಓಲೆ ಅಡವಿನಲ್ಲಿತ್ತು. ಆ ರಾತ್ರಿ ನಾನೂ ಲೆಕ್ಕ ಹಾಕಿದೆ. ಸುಳ್ಳು ಹೇಳುವುದಿಲ್ಲ, ಇನ್ನೆರಡು ಇಲಿ ತಿನ್ನಿಸಿದರೆ ತೂಕ ಎಷ್ಟಾಗಬಹುದು ಎಂದು ಕೂಡ ಯೋಚಿಸಿದೆ. ಚೇಳಿಗೆ ಗುಡಿ ಕಟ್ಟಿದ ಸೀಮೆ ನಮ್ಮದು, ಅರಳಿಕಟ್ಟೆಯ ಮೇಲೆ ನಾಗರಕಲ್ಲು ನಿಲ್ಲಿಸಿದ ಸೀಮೆ. ಈ ಹಾವಿಗೆ ಮಾತ್ರ ತಕ್ಕಡಿ. ಆ ತಕ್ಕಡಿಯ ಒಂದು ತಟ್ಟೆ ನನ್ನ ಕೈಯಲ್ಲೇ ಇತ್ತು.

ಶನಿವಾರ ರಾತ್ರಿ ನಿದ್ದೆ ಬರದೆ ಜಗಲಿಗೆ ಬಂದೆ. ಅಪ್ಪ ಬಾನಿಯ ಪಕ್ಕ ಬೀಡಿ ಸೇದುತ್ತಾ ಕೂತಿದ್ದ.

"ಮೇಷ್ಟ್ರು ಏನಂದ್ರು ಅಂತ ನಿಮ್ಮಕ್ಕ ಹೇಳಿದ್ಲು" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಇಲಿ ತಿಂತದಲ್ವಾ ಇದು?"

"ಹೂಂ."

"ಮತ್ತೆ ಇಲ್ಯಾಕೆ ಇಟ್ಟಿದ್ದೀಯ? ತೋಪಲ್ಲಿ ಬೇಕಾದಷ್ಟವೆ." ಬ್ಯಾಟರಿ ತಗೊಂಡು ಎದ್ದ.

ಹೆಂಚಿದ್ದ ಜಾಗದಿಂದ ಹತ್ತೇ ಮಾರು ಆಚೆಗೆ ನಮ್ಮ ತೋಪು. ಬೇಲಿಯ ಪಕ್ಕ ಸಡಿಲ ಮಣ್ಣಿನಲ್ಲಿ ಬಿಟ್ಟೆ. ಅದು ತಿರುಗಿ ನೋಡುತ್ತದೆಂದು ನಾನು ಕಾದೆ. ಹಾವು ಯಾಕೆ ತಿರುಗಿ ನೋಡಬೇಕು? ತಲೆ ಮಣ್ಣಿಗಿಟ್ಟಿತು, ಆಮೇಲೆ ಮೈ, ಕೊನೆಗೆ ಆ ಮೊಂಡು ಬಾಲ. ಅಪ್ಪ ಬ್ಯಾಟರಿ ಆರಿಸಿದ.

ಭಾನುವಾರ ಮಾವ ಇಬ್ಬರನ್ನು ಕರೆದುಕೊಂಡು ಬಂದ. "ರಾತ್ರಿ ಮೊರ ಸರಿಸಿ ಹೋಗಿಬಿಡ್ತು" ಎಂದ ಅಪ್ಪ, ನನ್ನ ಕಡೆ ನೋಡದೆ. ಮಾವ ಒಂದು ವರ್ಷ ನಮ್ಮ ಮನೆಗೆ ಬರಲಿಲ್ಲ. ಸಾಲ ತೀರುವುದಕ್ಕೆ ಆರು ವರ್ಷ ಹಿಡಿಯಿತು. ಅಮ್ಮನ ಓಲೆ ವಾಪಸು ಬರಲಿಲ್ಲ. ಅದರ ಬಗ್ಗೆ ಅವಳು ಒಂದು ದಿನವೂ ಮಾತೆತ್ತಿಲ್ಲ.

ಪೊರೆಯನ್ನು ವಿಜ್ಞಾನದ ಪುಸ್ತಕದಲ್ಲಿ ಇಟ್ಟಿದ್ದೆ. ಇಲಿಯೋ ಗೆದ್ದಲೋ, ಯಾವುದೋ ಅದನ್ನು ತಿಂದು ಹಾಕಿದೆ. ಬಾನಿ ಈಗಲೂ ಇದೆ. ಅಮ್ಮ ಅದರಲ್ಲಿ ಹುಣಸೆಹಣ್ಣು ತುಂಬಿಡುತ್ತಾಳೆ.