ಸಮುದ್ರವಿಲ್ಲದ ದ್ವೀಪ

ಇಂಡೋನೇಷ್ಯಾದಲ್ಲಿ ಹದಿನೇಳು ಸಾವಿರಕ್ಕೂ ಹೆಚ್ಚು ದ್ವೀಪಗಳಿವೆಯಂತೆ. ನಮ್ಮಲ್ಲೂ ಒಂದಿದೆ, ಅದೂ ಮಲೆನಾಡಿನ ನಟ್ಟನಡುವೆ. ಸಾಗರ ತಾಲೂಕಿನ ತುಮರಿ.

1964ರಲ್ಲಿ ವಿದ್ಯುತ್ತಿಗಾಗಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ಶರಾವತಿ ಹಿಂದಕ್ಕೆ ಹರಡಿಕೊಂಡಳು. ಗದ್ದೆ, ತೋಟ, ದಾರಿ ಮುಳುಗಿದವು. ಉಳಿದ ಗುಡ್ಡದ ಮೇಲಿನ ಊರುಗಳಿಗೆ ಒಂದು ಕಡೆ ದಟ್ಟ ಕಾಡು, ಉಳಿದ ಕಡೆಯೆಲ್ಲ ನೀರು. ಆಸ್ಪತ್ರೆ, ಕಾಲೇಜು, ಕಚೇರಿ, ಯಾವುದಕ್ಕೇ ಆಗಲಿ ಸಾಗರಕ್ಕೆ ಹೋಗಬೇಕೆಂದರೆ ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಲಾಂಚೇ ಗತಿಯಾಗಿತ್ತು. ಸಂಜೆ ಕೊನೆಯ ಲಾಂಚ್ ತಪ್ಪಿತೋ, ಕಾಡುದಾರಿಯಲ್ಲಿ ಸುತ್ತು ಹೊಡೆಯಬೇಕಿತ್ತು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಲಾಂಚಿಗೆ ಗಾಡಿ ಹತ್ತಿಸುವುದೂ ಬಂದ್ ಆಗುತ್ತಿತ್ತು. ರಾತ್ರಿ ಹೆರಿಗೆ ನೋವು ಬಂದರೆ? ಆ ಲೆಕ್ಕ ಯಾವ ಯೋಜನಾ ವರದಿಯಲ್ಲೂ ಇರುವುದಿಲ್ಲ ಬಿಡಿ.

ಸೂಪಾ ಪಟ್ಟಣವನ್ನೇ ಕಾಳಿ ನದಿಯ ಅಣೆಕಟ್ಟಿಗೆ ಕೊಟ್ಟ ಸೀಮೆ ನಮ್ಮದು. ನಮ್ಮೂರು ತೇರಗಾಂವದಲ್ಲಿ ಕೂತು ತುಮರಿಯ ಕಥೆ ಕೇಳಿದರೆ ಪರವೂರಿನ ಸುದ್ದಿ ಅನ್ನಿಸುವುದೇ ಇಲ್ಲ. ಸೂಪಾದವರು ಊರು ಬಿಟ್ಟು ರಾಮನಗರಕ್ಕೆ ಹೋದರು. ತುಮರಿಯವರು ಊರಲ್ಲೇ ಉಳಿದು ದಾರಿ ಕಳೆದುಕೊಂಡರು.

2025ರ ಜುಲೈ 14ರಂದು, ಲಾಂಚ್ ಓಡುತ್ತಿದ್ದ ಅದೇ ಜಾಗದಲ್ಲಿ, 2.44 ಕಿಲೋಮೀಟರ್ ಉದ್ದದ ಸಿಗಂದೂರು ಸೇತುವೆ ತೆರೆಯಿತು. ಅರವತ್ತು ವರ್ಷ ತಡ. ನಾಡಿಗೆ ಬೆಳಕು ಕೊಟ್ಟವರಿಗೆ ಒಂದು ದಾರಿ ಕೊಡಲು ಇಷ್ಟು ಕಾಲ ಬೇಕಿರಲಿಲ್ಲ.

ಸಿಗಂದೂರಿಗೆ ಹೋಗುವವರು ದೇವಿ ದರ್ಶನ, ಸೇತುವೆ ಮೇಲೊಂದು ಸೆಲ್ಫಿ ಮುಗಿಸಿ ಹಾಗೇ ತಿರುಗಬೇಡಿ. ತುಮರಿಗೂ ಹೋಗಿ, ಚಹಾ ಕುಡಿಯಿರಿ, ಅಲ್ಲಿನ ಹಿರಿಯರನ್ನು ಮಾತಾಡಿಸಿ.